ಬೆಳಕು ಸುಳ್ಳು ಹೇಳುವುದೇ?

1950ರ ಜನವರಿಯಲ್ಲಿ ಅಮೆರಿಕದ 'ವೋಗ್' ಎಂಬ ಉಡುಗೆತೊಡುಗೆಗಳ ಪತ್ರಿಕೆಯ ಮುಖಪುಟದಲ್ಲಿ ಒಂದು ವಿಚಿತ್ರವಾದ ಚಿತ್ರ ಅಚ್ಚಾಯಿತು. ಅದು ಸ್ತ್ರೀಯೊಬ್ಬಳ ಮುಖ. ಆದರೆ ಆ ಮುಖಕ್ಕೆ ಮೂಗಿಲ್ಲ, ಕೆನ್ನೆಯಿಲ್ಲ, ಗಲ್ಲದ ಗೆರೆಯೂ ಇಲ್ಲ. ಬಿಳಿಯ ಹಾಳೆಯ ಮೇಲೆ ಕಾಡಿಗೆ ತೀಡಿದ ಒಂದು ಕಣ್ಣು, ಅದರ ಹುಬ್ಬು, ಕೆಂಪು ತುಟಿಗಳು, ತುಟಿಯ ಬಳಿ ಒಂದು ಮಚ್ಚೆ, ಇಷ್ಟೇ. ಆದರೂ ನೋಡಿದವರು 'ಇದೇನು, ಮುಖವೇ ಇಲ್ಲವಲ್ಲ!' ಎನ್ನುವುದಿಲ್ಲ. ಇಲ್ಲದ ಮೂಗು ಕೆನ್ನೆಗಳನ್ನು ಅವರ ಕಣ್ಣೇ ಬರೆದುಕೊಂಡು ಮುಖವನ್ನು ಪೂರ್ತಿಮಾಡಿಬಿಡುತ್ತದೆ.

ಈ ಚಿತ್ರವನ್ನು ತೆಗೆದವನು ಎರ್ವಿನ್ ಬ್ಲೂಮೆನ್‌ಫೆಲ್ಡ್. 1920ರಿಂದ 1960ರ ದಶಕದವರೆಗೆ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳಲ್ಲಿ ಅವನಂತಹ ಹಲವರು ಬಟ್ಟೆ, ಟೋಪಿ, ಆಭರಣಗಳ ಚಿತ್ರಗಳನ್ನು ಕನಸಿನ ದೃಶ್ಯಗಳಂತೆ ತೆಗೆಯತೊಡಗಿದರು. 1924ರಲ್ಲಿ ಆಂದ್ರೆ ಬ್ರೆತೋನ್ ಪ್ರಕಟಿಸಿದ ಘೋಷಣೆಯಿಂದ ಪ್ರಸಿದ್ಧವಾದ ಅತಿವಾಸ್ತವವಾದವೆಂಬ ಕಲಾಪಂಥದ ಗಾಳಿ ಇವರೆಲ್ಲರ ಮೇಲೆ ಬೀಸಿತ್ತು. ಕನಸು ಮತ್ತು ಎಚ್ಚರಗಳ ನಡುವಣ ಗೋಡೆಯನ್ನು ಕೆಡವಬೇಕೆಂಬುದು ಆ ಪಂಥದವರ ಹಂಬಲ. ಚಿತ್ರಕಾರನಿಗೆ ಇದು ಸುಲಭ. ಕುಂಚವು ಹೇಳಿದಂತೆ ಕೇಳುತ್ತದೆ. ಆದರೆ ಎದುರಿಗಿರುವುದನ್ನಷ್ಟೇ ಹಿಡಿಯಬಲ್ಲ ಕ್ಯಾಮೆರಾ ಕನಸನ್ನು ಹೇಗೆ ಹಿಡಿದೀತು?

ಈ ಪ್ರಶ್ನೆ ಕಲೆಗೆ ಎಷ್ಟು ಸಂಬಂಧಿಸಿದೆಯೋ ಭೌತವಿಜ್ಞಾನಕ್ಕೂ ಅಷ್ಟೇ ಸಂಬಂಧಿಸಿದೆ. 'ಕ್ಯಾಮೆರಾ ಸುಳ್ಳು ಹೇಳದು' ಎಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಪರೀಕ್ಷಿಸಲು ಈ ವಿಚಿತ್ರ ಚಿತ್ರಗಳಿಗಿಂತ ಒಳ್ಳೆಯ ಸಾಧನ ಬೇರೊಂದಿಲ್ಲ. ಅವುಗಳಲ್ಲಿ ಕೆಲವನ್ನು ಒಂದೊಂದಾಗಿ ನೋಡೋಣ.

ಅಳಿಸಿಹೋದ ಮುಖ

ಫೋಟೋ ಕಾಗದವು ನಮ್ಮ ಕಣ್ಣಿನಷ್ಟು ಉದಾರಿಯಲ್ಲ. ಬಿಸಿಲಿನ ಅಂಗಳದಿಂದ ಮಬ್ಬುಗತ್ತಲೆಯ ನಡುಮನೆಯವರೆಗೆ ಎಲ್ಲ ಪ್ರಮಾಣದ ಬೆಳಕಿಗೂ ಕಣ್ಣು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕಾಗದದಲ್ಲಾದರೋ ಅತಿ ಬಿಳುಪಿಗೂ ಅತಿ ಕಪ್ಪಿಗೂ ಇರುವ ಅಂತರ ಸುಮಾರು ನೂರು ಪಟ್ಟು ಮಾತ್ರ. 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು ಬೆಳಕಿನ ಪ್ರಮಾಣಕ್ಕೂ ಲೇಪದಲ್ಲಿ ಮೂಡುವ ಕಪ್ಪಿಗೂ ಇರುವ ಸಂಬಂಧವನ್ನು ಅಳೆದು ಒಂದು ವಕ್ರರೇಖೆಯನ್ನು ಎಳೆದು ತೋರಿಸಿದರು. ಅದು ಬುಡದಲ್ಲಿ ಚಪ್ಪಟೆ, ನಡುವೆ ಏರು, ತುದಿಯಲ್ಲಿ ಮತ್ತೆ ಚಪ್ಪಟೆ. ನಡುವಿನ ಏರಿನಲ್ಲಿ ಮಾತ್ರ ಬೆಳಕಿನ ಹೆಚ್ಚು ಕಡಮೆಗಳು ಚಿತ್ರದಲ್ಲಿ ಹೆಚ್ಚು ಕಡಮೆಗಳಾಗಿ ಉಳಿಯುತ್ತವೆ. ಚಪ್ಪಟೆಯಾದ ಕಡೆಗಳಲ್ಲಿ ವಸ್ತುವಿನಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಚಿತ್ರದಲ್ಲಿ ಎಲ್ಲವೂ ಒಂದೇ.

ಏರು ಕಡಿದಾಗಿರುವ ಕಾಗದವನ್ನು ಆರಿಸಿಕೊಂಡರೆ ಏನಾಗುವುದೆಂಬುದನ್ನು ವಾಚಕರು ಈಗ ಊಹಿಸಬಹುದು. ಚೆನ್ನಾಗಿ ಬೆಳಕು ಬಿದ್ದ ಮೂಗು, ಕೆನ್ನೆ, ಹಣೆಗಳ ಛಾಯೆಗಳಲ್ಲಿರುವ ವ್ಯತ್ಯಾಸ ಸ್ವಲ್ಪವೇ. ಅವೆಲ್ಲವೂ ವಕ್ರರೇಖೆಯ ಒಂದು ಚಪ್ಪಟೆ ಭಾಗಕ್ಕೆ ಬಿದ್ದು ಬರಿಯ ಬಿಳುಪಾಗಿ ಲಯವಾಗುತ್ತವೆ. ಕಾಡಿಗೆ, ತುಟಿಯ ಬಣ್ಣ, ಮಚ್ಚೆ ಇವು ಮಾತ್ರ ಕಪ್ಪಾಗಿ ನಿಲ್ಲುತ್ತವೆ. ಬ್ಲೂಮೆನ್‌ಫೆಲ್ಡನ ಮುಖಪುಟದ ಮೂಲವು ಒಂದು ಕಪ್ಪು-ಬಿಳುಪು ಚಿತ್ರ. ಬಣ್ಣಗಳು ಆಮೇಲೆ ಸೇರಿದವು. ಮುಖವನ್ನು ಅಳಿಸುವ ಆ ಉಪಾಯಕ್ಕೆ ತಳಹದಿಯಾಗಿರುವುದು ಈ ಗುಣವೇ. ಕ್ಯಾಮೆರಾ ಇಲ್ಲಿ ಏನನ್ನೂ ಸೇರಿಸಲಿಲ್ಲ, ಬಿಟ್ಟಿತು ಅಷ್ಟೆ. ಸೇರಿಸಿದ್ದು ನೋಡುವವರ ಮನಸ್ಸು.

ಕಪ್ಪು ಗೆರೆಯ ರಹಸ್ಯ

ಅಮೆರಿಕದವನಾದ ಮ್ಯಾನ್ ರೇ 1921ರಲ್ಲಿ ಪ್ಯಾರಿಸಿಗೆ ಬಂದು ನೆಲೆಸಿದ ಚಿತ್ರಕಾರ. ಹೊಟ್ಟೆಪಾಡಿಗಾಗಿ ಅವನು ವಸ್ತ್ರವಿನ್ಯಾಸಕಾರರಿಗೆ ಫೋಟೋ ತೆಗೆದುಕೊಡುತ್ತಿದ್ದನು. 1930ರ ದಶಕದಲ್ಲಿ 'ಹಾರ್ಪರ್ಸ್ ಬಜಾರ್' ಪತ್ರಿಕೆಗೆ ಅವನ ಚಿತ್ರಗಳು ಸಲ್ಲುತ್ತಿದ್ದುವು. ಅವನ ಪ್ರಸಿದ್ಧವಾದ ಹಲವು ಚಿತ್ರಗಳಲ್ಲಿ ಮುಖದ ಅಂಚಿನ ಸುತ್ತ ಒಂದು ತೆಳುವಾದ ಕಪ್ಪು ಗೆರೆ ಕಾಣುತ್ತದೆ. ಸೀಸದ ಕಡ್ಡಿಯಿಂದ ಎಳೆದಂತಿರುವ ಆ ಗೆರೆಯನ್ನು ಯಾವ ಕೈಯೂ ಎಳೆದದ್ದಲ್ಲ.

1929ರಲ್ಲಿ ಲೀ ಮಿಲ್ಲರ್ ಎಂಬ ತರುಣಿ ಮ್ಯಾನ್ ರೇಯ ಶಿಷ್ಯೆಯಾಗಿ, ಸಹಾಯಕಳಾಗಿ ಅವನ ಬಳಿ ಸೇರಿದಳು. ಅದಕ್ಕೆ ಮುಂಚೆ ಅವಳು ನ್ಯೂಯಾರ್ಕಿನಲ್ಲಿ 'ವೋಗ್' ಪತ್ರಿಕೆಗೆ ರೂಪದರ್ಶಿಯಾಗಿದ್ದವಳು. ಅವಳೇ ಮುಂದೆ ಹೇಳಿದಂತೆ, ಒಂದು ದಿನ ಕತ್ತಲ ಕೋಣೆಯಲ್ಲಿ ಕಾಲ ಮೇಲೆ ಏನೋ ಹರಿದಂತಾಗಿ ಬೆಚ್ಚಿಬಿದ್ದು ದೀಪ ಹಾಕಿಬಿಟ್ಟಳು. ದ್ರಾವಣದಲ್ಲಿದ್ದ ನೆಗೆಟಿವ್‌ಗಳು ಕೆಟ್ಟುಹೋದುವೆಂದುಕೊಂಡರೆ ಅವುಗಳಲ್ಲಿ ಈ ಅಪೂರ್ವವಾದ ಗೆರೆ ಮೂಡಿತ್ತು. ಇಬ್ಬರೂ ಸೇರಿ ಆ ಅಕಸ್ಮಾತ್ತನ್ನು ಒಂದು ವಿಧಾನವನ್ನಾಗಿ ಪಳಗಿಸಿದರು. ಹೆಸರು ಬಹುಕಾಲ ಮ್ಯಾನ್ ರೇ ಒಬ್ಬನಿಗೇ ಸಂದಿತು. ವಾಸ್ತವವಾಗಿ ಈ ಪರಿಣಾಮವನ್ನು ಫ್ರಾನ್ಸಿನ ಸಬಾತಿಯೇ ಎಂಬಾತನು 1862ರಲ್ಲಿಯೇ ವರ್ಣಿಸಿದ್ದನು. ವಿಜ್ಞಾನದ ಗ್ರಂಥಗಳಲ್ಲಿ ಅದಕ್ಕೆ ಅವನ ಹೆಸರೇ ಉಂಟು.

ಗೆರೆ ಮೂಡುವುದು ಹೇಗೆ? ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮ ಹರಳುಗಳು ಜೆಲಟಿನ್ನಿನಲ್ಲಿ ಹುದುಗಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಕೆಲವೇ ಕೆಲವು ಬೆಳ್ಳಿಯ ಪರಮಾಣುಗಳು ಬಿಡುಗಡೆಯಾಗಿ ಒಂದೆಡೆ ಸೇರುತ್ತವೆ. ಇದು ಕಣ್ಣಿಗೆ ಕಾಣದ ಗುಪ್ತಬಿಂಬ. ವಿಕಾಸಕ ದ್ರಾವಣದಲ್ಲಿ ಮುಳುಗಿಸಿದಾಗ ಅಂತಹ ಹರಳು ಇಡಿಯಾಗಿ ಕಪ್ಪು ಬೆಳ್ಳಿಯಾಗುತ್ತದೆ; ಅದರಲ್ಲಿದ್ದ ಬ್ರೋಮೈಡು ದ್ರಾವಣಕ್ಕೆ ಸೇರುತ್ತದೆ. ಈ ಬ್ರೋಮೈಡು ವಿಕಾಸದ ಕಾರ್ಯಕ್ಕೆ ತಡೆಯೊಡ್ಡುವ ವಸ್ತುವೆಂಬುದನ್ನು ನೆನಪಿನಲ್ಲಿಡಬೇಕು.

ಕಪ್ಪು ಹಿನ್ನೆಲೆಯ ಮುಂದೆ ಬೆಳಗಿದ ಮುಖವೊಂದರ ನೆಗೆಟಿವ್ ದ್ರಾವಣದಲ್ಲಿ ಅರ್ಧ ವಿಕಾಸವಾಗಿದೆಯೆನ್ನೋಣ. ಮುಖವಿರುವೆಡೆ ಬೆಳ್ಳಿ ದಟ್ಟವಾಗಿದೆ. ಹಿನ್ನೆಲೆಯಿರುವೆಡೆ ಹರಳುಗಳು ಇನ್ನೂ ಹಾಗೆಯೇ ಇವೆ. ಈಗ ಕ್ಷಣಕಾಲ ದೀಪ ಹಾಕಿದರೆ ಹಿನ್ನೆಲೆಯ ಹರಳುಗಳೆಲ್ಲ ಬೆಳಕನ್ನು ಉಂಡು ಕಪ್ಪಾಗತೊಡಗುತ್ತವೆ. ಮುಖದ ಭಾಗದಲ್ಲಿ ಬಹುಪಾಲು ಹರಳುಗಳು ಆಗಲೇ ಮುಗಿದಿವೆ. ಉಳಿದವಕ್ಕೆ ಮೇಲಿನ ಬೆಳ್ಳಿಯೇ ಕೊಡೆಯಾಗುತ್ತದೆ. ಹೀಗಾಗಿ ಎರಡೂ ಕಡೆ ಕಪ್ಪು ಹರಡುತ್ತದೆ. ಆದರೆ ಮುಖದ ಭಾಗದಿಂದ ಹೊರಬಿದ್ದ ಬ್ರೋಮೈಡು ಪಕ್ಕಕ್ಕೆ ಒಸರಿ, ಎರಡರ ಗಡಿಯಲ್ಲಿ ನಿಂತು, ಅಲ್ಲಿ ಮಾತ್ರ ಹೊಸ ವಿಕಾಸವನ್ನು ತಡೆಯುತ್ತದೆ. ನೆಗೆಟಿವ್‌ನಲ್ಲಿ ಆ ಗಡಿಯು ತಿಳಿಯಾದ ಒಂದು ಗೆರೆಯಾಗಿ ಉಳಿಯುತ್ತದೆ. ಮುದ್ರಿಸಿದಾಗ ಅದೇ ಕಪ್ಪು ಗೆರೆ. ಇದಕ್ಕೆ ಮ್ಯಾಕಿ ರೇಖೆಯೆಂದು ಹೆಸರು. ಕಲಾವಿದನ ಲೇಖನಿಯೆಂದು ನಾವು ಭ್ರಮಿಸಿದ್ದು ಒಂದು ಲವಣದ ಸಂಚಾರ ಮಾತ್ರ!

ಒದ್ದೆ ರೇಷ್ಮೆ, ಮಸುಕು ಗಾಜು

ಬ್ಲೂಮೆನ್‌ಫೆಲ್ಡನ ಜೀವನವೇ ಒಂದು ದುಃಸ್ವಪ್ನವನ್ನು ಹೋಲುವಂತಹುದು. 1897ರಲ್ಲಿ ಬರ್ಲಿನ್ನಿನ ಯೆಹೂದಿ ಮನೆತನದಲ್ಲಿ ಹುಟ್ಟಿದವನು. ಆಮ್‌ಸ್ಟರ್‌ಡಾಮಿನಲ್ಲಿ ಚರ್ಮದ ಚೀಲಗಳ ಅಂಗಡಿ ಇಟ್ಟು ಸೋತವನು. 1933ರಲ್ಲಿ ಹಿಟ್ಲರನ ಮುಖದ ಮೇಲೆ ತಲೆಬುರುಡೆಯನ್ನು ಬೆಸೆದು ಒಂದು ಚಿತ್ರ ಮಾಡಿದನು. 1936ರಲ್ಲಿ ಪ್ಯಾರಿಸಿಗೆ ಬಂದು ಫೋಟೋ ವೃತ್ತಿಯಲ್ಲಿ ನೆಲೆಯೂರುವಷ್ಟರಲ್ಲಿ ಯುದ್ಧ ಬಂದಿತು. 1940ರಲ್ಲಿ ಫ್ರಾನ್ಸಿನ ಬಂದಿಶಿಬಿರಗಳನ್ನು ಕಂಡು, 1941ರಲ್ಲಿ ಹೇಗೋ ನ್ಯೂಯಾರ್ಕ್ ಸೇರಿದನು.

ಪ್ಯಾರಿಸಿನಲ್ಲಿದ್ದಾಗ ಅವನು ಒದ್ದೆ ರೇಷ್ಮೆಯ ತೆರೆ ಹೊದ್ದ ಸ್ತ್ರೀಯರ ಚಿತ್ರಗಳನ್ನು ತೆಗೆದನು. ಅವು ಅಮೃತಶಿಲೆಯ ವಿಗ್ರಹಗಳಂತೆ ಕಾಣುತ್ತವೆ. ಒದ್ದೆಯಾದ ಬಿಳಿಯ ಪಂಚೆ ಪಾರದರ್ಶಕವಾಗುವುದನ್ನೂ ಎಣ್ಣೆ ತಗುಲಿದ ಕಾಗದದ ಮೂಲಕ ದೀಪ ಕಾಣುವುದನ್ನೂ ಎಲ್ಲರೂ ಬಲ್ಲರು. ಕಾರಣವೇನು? ಬೆಳಕು ಒಂದು ಮಾಧ್ಯಮದಿಂದ ಇನ್ನೊಂದನ್ನು ಹೊಗುವಾಗ ಸ್ವಲ್ಪ ಭಾಗ ಹಿಂದಕ್ಕೆ ಪುಟಿಯುತ್ತದೆ. ಎರಡರ ವಕ್ರೀಭವನಾಂಕಗಳಲ್ಲಿ ಅಂತರ ಹೆಚ್ಚಿದಷ್ಟೂ ಪುಟಿತ ಹೆಚ್ಚು. ಗಾಳಿಯ ಅಂಕ 1, ನೀರಿನದು 1.33, ರೇಷ್ಮೆಯದು ಸುಮಾರು 1.55. ಗಾಳಿಯಿಂದ ರೇಷ್ಮೆಯ ಎಳೆಯನ್ನು ನೇರವಾಗಿ ಹೊಗುವ ಬೆಳಕಿನಲ್ಲಿ ನೂರಕ್ಕೆ ಸುಮಾರು 4.7 ಭಾಗ ಹಿಂದಿರುಗುತ್ತದೆ. ನೀರಿನಿಂದ ಹೊಗುವಾಗ 0.6 ಭಾಗ ಮಾತ್ರ. ಅಂತಹ ಇಪ್ಪತ್ತು ಮೈಗಳನ್ನು ದಾಟಬೇಕಾದರೆ, ಒಣಗಿದ ಬಟ್ಟೆಯಲ್ಲಿ ನೇರವಾಗಿ ಸಾಗಿಬರುವುದು ನೂರಕ್ಕೆ 38 ಭಾಗ, ಒದ್ದೆ ಬಟ್ಟೆಯಲ್ಲಿ 89 ಭಾಗ. ನೀರು ಬಟ್ಟೆಯನ್ನು ತೆಳುವಾಗಿಸಲಿಲ್ಲ. ಎಳೆಗಳ ನಡುವಣ ಗಾಳಿಯನ್ನು ಹೊರದೂಡಿ ಬೆಳಕಿನ ಹಾದಿಯನ್ನು ಸುಗಮಗೊಳಿಸಿತು.

1945ರ ಮಾರ್ಚ್ 15ರ 'ವೋಗ್' ಸಂಚಿಕೆಯ ಮುಖಪುಟಕ್ಕೆ ಅವನು ಇನ್ನೊಂದು ತೆರೆಯನ್ನು ಬಳಸಿದನು. ಮಸುಕಾದ ಪರದೆಯ ಹಿಂದೆ ಸ್ತ್ರೀಯೊಬ್ಬಳ ಆಕೃತಿ. ಮುಂದೆ ದೊಡ್ಡದಾದ ರೆಡ್ ಕ್ರಾಸ್ ಚಿಹ್ನೆ. ಯುದ್ಧದಲ್ಲಿ ಗಾಯಗೊಂಡವರಿಗೆ ನೆರವು ನೀಡಿರೆಂಬ ಕರೆ ಅದು. ಮಸುಕು ಗಾಜಿನ ಗುಣವನ್ನು ಸ್ನಾನದ ಮನೆಯ ಕಿಟಕಿಯಲ್ಲಿಯೂ ಕಾಣಬಹುದು: ಗಾಜಿಗೆ ತಾಗಿದ ಬೆರಳು ಸ್ಪಷ್ಟ, ಸ್ವಲ್ಪ ಹಿಂದಿರುವ ಮುಂಗೈ ಮಬ್ಬು, ಇನ್ನೂ ಹಿಂದಿನದು ಬರಿಯ ನೆರಳು. ಗಾಜಿನ ಒರಟು ಮೈ ಪ್ರತಿಯೊಂದು ಕಿರಣವನ್ನೂ ಹಲವು ದಿಕ್ಕುಗಳಿಗೆ ಚೆದರಿಸುತ್ತದೆ. ಚೆದರುವಿಕೆ 10 ಡಿಗ್ರಿಯಷ್ಟಿದ್ದರೆ, ಗಾಜಿನಿಂದ 1 ಸೆಂಟಿಮೀಟರ್ ಹಿಂದಿನ ಬಿಂದು ಸುಮಾರು 2 ಮಿಲಿಮೀಟರ್ ಅಗಲದ ಮಚ್ಚೆಯಾಗುತ್ತದೆ. 10 ಸೆಂಟಿಮೀಟರ್ ಹಿಂದಿನದು 17 ಮಿಲಿಮೀಟರ್ ಅಗಲವಾಗುತ್ತದೆ. ಎಂದರೆ, ಈ ಮಬ್ಬು ಕೂಡ ದೂರವನ್ನು ಕ್ರಮಬದ್ಧವಾಗಿ ಬರೆದಿಡುವ ಒಂದು ಲಿಪಿಯೇ ಸರಿ.

ನೀರಿನ ಚಾವಣಿ

1947ರಲ್ಲಿ ಟೋನಿ ಫ್ರಿಸೆಲ್ ಎಂಬಾಕೆ ಅಮೆರಿಕದ ಫ್ಲಾರಿಡಾ ಪ್ರಾಂತದ ವೀಕಿ ವಾಚಿ ಎಂಬ ತಿಳಿನೀರಿನ ಬುಗ್ಗೆಯಲ್ಲಿ ಒಂದು ಚಿತ್ರ ತೆಗೆದಳು. ಬಿಳಿಯ ನಿಲುವಂಗಿ ತೊಟ್ಟ ಸ್ತ್ರೀಯೊಬ್ಬಳು ನೀರಿನಲ್ಲಿ ತೇಲುತ್ತಿದ್ದಾಳೆ. ಮುಖ ನೀರಿನ ಮೇಲ್ಮೈಯ ಕಡೆಗೆ ಮರೆಯಾಗಿದೆ. ಅಂಗಿ ಹೊಗೆಯಂತೆ ಹರಡಿದೆ. ಕ್ಯಾಮೆರಾ ಇದ್ದದ್ದು ನೀರಿನೊಳಗೆ.

ನೀರಿನೊಳಗಿಂದ ಮೇಲೆ ನೋಡಿದವರಿಗೆ ಹೊರಗಿನ ಲೋಕವೆಲ್ಲವೂ ಸುಮಾರು 97 ಡಿಗ್ರಿ ಅಗಲದ ಒಂದು ದುಂಡು ಕಿಟಕಿಯೊಳಗೆ ಅಡಗಿ ಕಾಣುತ್ತದೆ. ಲಂಬರೇಖೆಯಿಂದ 48.6 ಡಿಗ್ರಿಗಿಂತ ಓರೆಯಾಗಿ ಮೇಲ್ಮೈಯನ್ನು ಸೇರುವ ಕಿರಣ ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುವುದೇ ಇದಕ್ಕೆ ಕಾರಣ. ಆ ಕಿಟಕಿಯ ಆಚೆಗೆ ನೀರಿನ ಮೇಲ್ಮೈ ಕನ್ನಡಿಯಾಗಿಬಿಡುತ್ತದೆ. ಓರೆಯಾಗಿ ಹಿಡಿದ ಕ್ಯಾಮೆರಾಕ್ಕೆ ನೀರಿನ ಹೊರಗಿರುವ ತಲೆ ಕಾಣದೆ, ಒಳಗಿರುವ ಮೈ ಮಾತ್ರ ಕಾಣಬಹುದು. ಅಂಗಿಯ ತೇಲುವಿಕೆಗೂ ಲೆಕ್ಕವುಂಟು. ಹತ್ತಿಯ ಎಳೆ ನೀರಿಗಿಂತ ಒಂದೂವರೆ ಪಟ್ಟು ಸಾಂದ್ರ. ಆದುದರಿಂದ ನೀರಿನಲ್ಲಿ ಅದರ ತೋರ್ಕೆಯ ತೂಕ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಗಾಳಿಯಲ್ಲಿ ಜೋತುಬೀಳುವ ನೆರಿಗೆ ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಕನಸಿನಲ್ಲಿ ನಾವು ತೇಲುವ ಹಾಗೆ ಕಾಣುವ ಈ ಚಿತ್ರದಲ್ಲಿ ಆರ್ಕಿಮಿಡೀಸನ ನಿಯಮಕ್ಕಿಂತ ಹೆಚ್ಚಿನದೇನೂ ಇಲ್ಲ.

ಗುಳ್ಳೆಯೊಳಗಿನ ಸ್ತ್ರೀ

1963ರಲ್ಲಿ ಮೆಲ್ವಿನ್ ಸೊಕೋಲ್‌ಸ್ಕಿ 'ಹಾರ್ಪರ್ಸ್ ಬಜಾರ್' ಪತ್ರಿಕೆಗಾಗಿ ಪ್ಯಾರಿಸಿನಲ್ಲಿ ತೆಗೆದ ಚಿತ್ರಗಳು ಇನ್ನೂ ಸಾಹಸದವು. ಒಂದು ದೊಡ್ಡ ಪಾರದರ್ಶಕ ಗುಳ್ಳೆ. ಅದರೊಳಗೆ ಸೊಗಸಾದ ಉಡುಪಿನ ಸ್ತ್ರೀ. ಗುಳ್ಳೆ ಸೇನ್ ನದಿಯ ನೀರಿನ ಮೇಲೂ ಪ್ಯಾರಿಸಿನ ಬೀದಿಗಳ ಮೇಲೂ ತೇಲುತ್ತಿದೆ. ಹದಿನೈದನೆಯ ಶತಮಾನದಲ್ಲಿ ಹುಟ್ಟಿದ ಬಾಶ್ ಎಂಬ ಚಿತ್ರಕಾರನ ಕೃತಿಯೊಂದರಲ್ಲಿ ಗುಳ್ಳೆಯೊಳಗೆ ಕುಳಿತ ಜೋಡಿಯೊಂದುಂಟು. ಅದೇ ಈ ಕಲ್ಪನೆಗೆ ಮೂಲ. ಗುಳ್ಳೆ ನಿಜವಾದದ್ದು, ಪ್ಲೆಕ್ಸಿಗ್ಲಾಸಿನದು. ಒಳಗಿದ್ದ ಸ್ತ್ರೀಯೂ ನಿಜ. ತೇಲಿದ್ದು ಮಾತ್ರ ಕ್ರೇನಿನಿಂದ ಇಳಿಬಿಟ್ಟ ಉಕ್ಕಿನ ತಂತಿಯ ಬಲದಿಂದ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದು: ಗಾಜಿನ ಗೋಳವು ಮಸೂರದಂತೆ ವರ್ತಿಸಿ ಒಳಗಿನವಳ ರೂಪವನ್ನು ಏಕೆ ಕೆಡಿಸಲಿಲ್ಲ? ನೀರು ತುಂಬಿದ ಗೋಳವಾಗಿದ್ದರೆ ಕೆಡಿಸುತ್ತಿತ್ತು. ಟೊಳ್ಳು ಗೋಳದ ಗೋಡೆಯಾದರೋ ಒಳಗೂ ಹೊರಗೂ ಒಂದೇ ಸಮನಾಗಿ ಬಾಗಿದ ತೆಳುವಾದ ಹಲಗೆ. ಕಿರಣವು ಹೊಗುವಾಗ ಎಷ್ಟು ಬಾಗುವುದೋ ಹೊರಡುವಾಗ ಹೆಚ್ಚುಕಡಮೆ ಅಷ್ಟೇ ಹಿಂದಕ್ಕೆ ಬಾಗಿ ಮೊದಲಿನ ದಿಕ್ಕನ್ನೇ ಹಿಡಿಯುತ್ತದೆ.

ಎರಡನೆಯದು: ತಂತಿ ಏಕೆ ಕಣ್ಣಿಗೆ ಬೀಳುವುದಿಲ್ಲ? 3 ಮಿಲಿಮೀಟರ್ ದಪ್ಪದ ತಂತಿಯನ್ನು 25 ಮೀಟರ್ ದೂರದಿಂದ 80 ಮಿಲಿಮೀಟರ್ ನಾಭಿದೂರದ ಮಸೂರದಿಂದ ಹಿಡಿದೆವೆನ್ನೋಣ. ಫಿಲ್ಮಿನ ಮೇಲೆ ಅದರ ಬಿಂಬದ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು. ಸಾಮಾನ್ಯ ಫಿಲ್ಮಿನ ಬೆಳ್ಳಿಯ ಕಣಗಳು ಬಿಡಿಸಿ ತೋರಬಲ್ಲ ಎಲ್ಲೆಯೂ ಹೆಚ್ಚುಕಡಮೆ ಇದೇ. ಪ್ರಕಾಶವಾದ ಆಕಾಶದ ಮುಂದೆ ಅಂತಹ ಎಳೆ ಬಲು ಮಸುಕಾಗಿ ಉಳಿದೀತು. ಅಚ್ಚಿನ ಪುಟದಲ್ಲಿ ಅದೂ ಅಳಿದೀತು. ಫಿಲ್ಮಿನ ಶಕ್ತಿ ಸಾಲದೆ ತಂತಿ ಮರೆಯಾಗುವುದು ಒಂದು ಬಗೆ. ಕುಂಚ ಹಿಡಿದ ಕೈ ಅದನ್ನು ಒರಸಿಹಾಕುವುದು ಬೇರೆಯ ಬಗೆ. ಪುಟವನ್ನು ನೋಡುವವರಿಗೆ ಎರಡರಲ್ಲಿ ಯಾವುದು ನಡೆದಿದೆಯೆಂದು ತಿಳಿಯದು.

ನಂಬಿಕೆಯ ಪ್ರಶ್ನೆ

ಇಲ್ಲಿಗೆ ನಾವು ಮೊದಲಿನ ಪ್ರಶ್ನೆಗೆ ಬರುತ್ತೇವೆ. ಈವರೆಗೆ ಕಂಡ ಚಿತ್ರಗಳಲ್ಲೆಲ್ಲ ಬೆಳಕು ತನ್ನ ನಿಯಮವನ್ನು ಕೂದಲೆಳೆಯಷ್ಟೂ ಮೀರಲಿಲ್ಲ. ಒದ್ದೆ ರೇಷ್ಮೆಯಲ್ಲಿ, ನೀರಿನ ಚಾವಣಿಯಲ್ಲಿ, ದ್ರಾವಣದ ತಟ್ಟೆಯಲ್ಲಿ ಎಲ್ಲೆಲ್ಲಿಯೂ ಅದು ತನಗೆ ಒಡ್ಡಿದ ಸನ್ನಿವೇಶವನ್ನು ನಿಷ್ಠೆಯಿಂದ ಬರೆಯಿತು. ಬೆರಗು ಹುಟ್ಟಿದ್ದು ಆ ಸನ್ನಿವೇಶ ನಮಗೆ ತಿಳಿಯದಿದ್ದುದರಿಂದ. ಬೆಳಕು ಸುಳ್ಳು ಹೇಳುವುದಿಲ್ಲ. ಆದರೆ ಯಾವ ಪ್ರಶ್ನೆಗೆ ಅದು ಉತ್ತರ ಕೊಡುತ್ತಿದೆಯೆಂಬುದನ್ನು ಚಿತ್ರ ತಾನಾಗಿ ತಿಳಿಸುವುದೂ ಇಲ್ಲ.

ಇದು ಬರಿಯ ವಿನೋದದ ವಿಚಾರವಲ್ಲ. ಕತ್ತಲ ಕೋಣೆಯಲ್ಲಿ ದೀಪ ಹಾಕಿದ ಲೀ ಮಿಲ್ಲರ್ 1932ರಲ್ಲಿ ಪ್ಯಾರಿಸನ್ನು ಬಿಟ್ಟು, ತಾನೇ ಛಾಯಾಚಿತ್ರಕಾರಳಾಗಿ ಬೆಳೆದು, ಲಂಡನ್ನಿನ 'ವೋಗ್' ಪತ್ರಿಕೆಗೆ ಕೆಲಸ ಮಾಡಿದಳು. ಯುದ್ಧಕಾಲದಲ್ಲಿ ಅಮೆರಿಕದ ಸೇನೆಯೊಡನೆ ಸಂಚರಿಸುವ ವರದಿಗಾರಳಾದಳು. 1945ರ ಏಪ್ರಿಲ್ ತಿಂಗಳ ಕೊನೆಯಲ್ಲಿ, ಡಾಹೌ ಬಂದಿಶಿಬಿರ ಬಿಡುಗಡೆಯಾದ ಮರುದಿನವೇ, ಅದರೊಳಗೆ ಕ್ಯಾಮೆರಾ ಹಿಡಿದು ನಿಂತಳು. ಅಲ್ಲಿ ಕಂಡ ಹೆಣಗಳ ರಾಶಿಯನ್ನೂ ಎಲುಬುಗೂಡಾಗಿ ಉಳಿದಿದ್ದ ಬಂದಿಗಳನ್ನೂ ಯಾವ ಉಪಾಯವೂ ಇಲ್ಲದೆ ಚಿತ್ರಿಸಿದಳು. ಕನಸನ್ನು ನಿಜವೆಂಬಂತೆ ತೋರಿಸುವ ವಿದ್ಯೆಯನ್ನು ಕಲಿತಿದ್ದವಳ ಎದುರಿಗೆ ಈಗ ಯಾವ ದುಃಸ್ವಪ್ನಕ್ಕಿಂತಲೂ ಘೋರವಾದ ನಿಜ ನಿಂತಿತ್ತು. ಚಿತ್ರಗಳನ್ನು ಕಳುಹಿಸುವಾಗ, ಇದು ನಿಜ, ದಯವಿಟ್ಟು ನಂಬಿರೆಂದು ಆಕೆ ತನ್ನ ಸಂಪಾದಕರನ್ನು ಬೇಡಿಕೊಳ್ಳಬೇಕಾಯಿತು. ಅಮೆರಿಕದ 'ವೋಗ್' 1945ರ ಜೂನ್ ಸಂಚಿಕೆಯಲ್ಲಿ ಅವುಗಳನ್ನು ಪ್ರಕಟಿಸಿತು; ಅವಕ್ಕೆ ಕೊಟ್ಟ ತಲೆಬರಹವೂ ನಂಬಿರೆಂಬ ಅರ್ಥದ್ದೇ.

ಕ್ಯಾಮೆರಾ ಸುಳ್ಳಾಡದೆಂಬ ಮಾತು ಪೂರ್ತಿ ನಿಜವಾಗಿದ್ದರೆ ಆ ಬೇಡಿಕೆ ಏಕೆ ಬೇಕಾಗುತ್ತಿತ್ತು? ಬೆಳ್ಳಿಯ ಹರಳುಗಳು ತಮ್ಮ ಪಾಲಿನ ಸಾಕ್ಷ್ಯವನ್ನು ಹೇಳಿ ಮುಗಿಸಿದ್ದುವು. ಅದಕ್ಕೆ ಬಲ ಬರಬೇಕಾದರೆ, 'ನಾನು ಇಂಥ ದಿನ ಇಂಥ ಸ್ಥಳದಲ್ಲಿದ್ದೆ, ಕಣ್ಣಾರೆ ಕಂಡೆ' ಎಂದು ಹೇಳುವ ಮನುಷ್ಯನೊಬ್ಬ ಚಿತ್ರದ ಬೆನ್ನಿಗೆ ನಿಲ್ಲಬೇಕು. ಪ್ರಯೋಗಶಾಲೆಯಲ್ಲಿಯೂ ಕ್ರಮ ಇದೇ. ಅಳತೆಯೊಂದನ್ನು ಬರೆದವನು ಯಾವ ಉಪಕರಣದಿಂದ, ಯಾವ ಸ್ಥಿತಿಯಲ್ಲಿ ಅಳೆದೆನೆಂಬುದನ್ನು ಬರೆಯದೆಹೋದರೆ ಆ ಅಂಕಿಗೆ ಬೆಲೆಯಿಲ್ಲ.

ಬ್ಲೂಮೆನ್‌ಫೆಲ್ಡ್ 1969ರಲ್ಲಿಯೂ ಮ್ಯಾನ್ ರೇ 1976ರಲ್ಲಿಯೂ ಲೀ ಮಿಲ್ಲರ್ 1977ರಲ್ಲಿಯೂ ತೀರಿಕೊಂಡರು. ಈಗ ಬೆಳ್ಳಿಯ ಲೇಪದ ಜಾಗಕ್ಕೆ ಸಿಲಿಕನ್ ಬಿಲ್ಲೆ ಬಂದಿದೆ. ಒಂದು ಕಿರಣವೂ ಯಾವ ಮುಖದಿಂದಲೂ ಹೊರಡದೆ, ಯಾವ ಮಸೂರವನ್ನೂ ಹೊಗದೆ, ಕೇವಲ ಗಣನೆಯಿಂದ ಕಂಪ್ಯೂಟರು ಮುಖವನ್ನು ಸೃಷ್ಟಿಸಬಲ್ಲುದು. ಒದ್ದೆ ರೇಷ್ಮೆಯ ಹಿಂದೆ ಒಬ್ಬ ಸ್ತ್ರೀ ನಿಜವಾಗಿ ನಿಂತಿದ್ದಳು, ಗುಳ್ಳೆಯೊಳಗೆ ಒಬ್ಬಳು ನಿಜವಾಗಿ ಕುಳಿತಿದ್ದಳು. ಈ ಹೊಸ ಚಿತ್ರಗಳ ಹಿಂದೆ ಯಾರೂ ಇಲ್ಲದಿರಬಹುದು. ಹಳೆಯ ಮತ್ತು ಹೊಸ ವಿಚಿತ್ರಗಳಿಗಿರುವ ಮುಖ್ಯ ವ್ಯತ್ಯಾಸ ಇದೇ.

ಆದುದರಿಂದ ಬೆರಗುಗೊಳಿಸುವ ಚಿತ್ರವೊಂದು ಎದುರಾದಾಗ ವಾಚಕರು ಅದನ್ನು ಥಟ್ಟನೆ ನಂಬುವುದಾಗಲಿ, ಎಲ್ಲವೂ ಮೋಸವೆಂದು ತಳ್ಳಿಹಾಕುವುದಾಗಲಿ ಉಚಿತವಲ್ಲ. ಎಲ್ಲ ಚಿತ್ರಗಳನ್ನೂ ತಳ್ಳಿಹಾಕುವವನು ಡಾಹೌವಿನ ಚಿತ್ರವನ್ನೂ ತಳ್ಳಿಹಾಕುತ್ತಾನೆ. ವಸ್ತುವಿನಿಂದ ಹೊರಟ ಬೆಳಕು ಯಾವ ಯಾವ ಮಾಧ್ಯಮಗಳನ್ನು ದಾಟಿ, ಯಾವ ಯಾವ ಕೈಗಳನ್ನು ಹಾದು, ಈ ಪುಟದವರೆಗೆ ಬಂದಿತು ಎಂದು ಕೇಳಬೇಕು. ಉತ್ತರ ಹೇಳಲು ಒಬ್ಬ ಹೊಣೆಗಾರ ಮುಂದೆ ಬಂದರೆ ಆ ಚಿತ್ರವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು. ಯಾರೂ ಬಾರದಿದ್ದರೆ ಅದನ್ನು ಸೊಗಸಾದ ಕನಸೆಂದು ನೋಡಿ ಆನಂದಪಟ್ಟು ಅಷ್ಟಕ್ಕೇ ಬಿಡಬಹುದು.